ಘಟ್ಟದ ನಕ್ಷೆ ಊರ ಜಗಳ ಆಗಿದ್ದು ಹೇಗೆ?

ಮಲೆನಾಡಿನ ಯಾವುದಾದರೂ ಹೋಟೆಲಲ್ಲಿ ಕೂತು 'ಕಸ್ತೂರಿರಂಗನ್' ಅಂತ ಒಂದು ಹೆಸರು ಎತ್ತಿ ನೋಡಿ. ಚಹಾ ಆರುವುದರೊಳಗೆ ನಾಲ್ಕು ಜನ ಮಾತಿಗಿಳಿಯುತ್ತಾರೆ. ಎಲ್ಲರಿಗೂ ಒಂದೊಂದು ಖಚಿತ ಅಭಿಪ್ರಾಯ ಇರುತ್ತದೆ. ಪಶ್ಚಿಮ ಘಟ್ಟ ಉಳಿಸುವ ಬಗ್ಗೆ ಅವರ ಸಮಿತಿ ಕೊಟ್ಟ ವರದಿ ಓದಿದವರು ಮಾತ್ರ ಸಿಗುವುದು ಕಷ್ಟ. ಹಳ್ಳಿಯವರನ್ನು ಹಂಗಿಸಲು ಈ ಮಾತು ಹೇಳುತ್ತಿಲ್ಲ. 'ಘಟ್ಟ ಉಳಿಸಿ' ಅಂತ ಬೆಂಗಳೂರಿನಲ್ಲಿ ಕೂತು ಸ್ಟೇಟಸ್ ಹಾಕುವವರದ್ದೂ ಇದೇ ಕತೆ.

ಪಶ್ಚಿಮ ಘಟ್ಟದಲ್ಲಿ ಯಾವ ಜಾಗ ಎಷ್ಟು ಸೂಕ್ಷ್ಮ ಅನ್ನುವುದು ಮೊದಲಿಗೆ ಒಂದು ಪ್ರಶ್ನೆ ಆಗಿತ್ತು. ಉತ್ತರ ಹುಡುಕಬಹುದಾದ ಪ್ರಶ್ನೆ. ಈಗ ಅದು 'ನೀನು ಯಾರ ಕಡೆ?' ಅಂತ ಕೇಳುವ ಪರೀಕ್ಷೆ. ಗುಡ್ಡ ಕುಸಿದಾಗಲೆಲ್ಲ ಒಬ್ಬರು ಅದಕ್ಕೂ ಮೊದಲಿನ ಇನ್ನೊಂದು ವರದಿ ನೆನೆದು 'ಗಾಡ್ಗೀಳ್ ಅವತ್ತೇ ಹೇಳಿದ್ದರು' ಅನ್ನುತ್ತಾರೆ. ಇನ್ನೊಬ್ಬರು 'ಸಾವಿನಲ್ಲಿ ರಾಜಕೀಯ ಮಾಡಬೇಡಿ' ಅನ್ನುತ್ತಾರೆ. ಮುಂದಿನ ಮಳೆಗಾಲದವರೆಗೆ ಮಾತು ಅಲ್ಲಿಗೆ ನಿಲ್ಲುತ್ತದೆ.

ಇದಕ್ಕೆಲ್ಲ ರಾಜಕೀಯ ನುಗ್ಗಿದ್ದೇ ಕಾರಣ ಅನ್ನುವವರು ಜಾಸ್ತಿ. ನನಗೆ ಹಾಗೆ ಅನ್ನಿಸುವುದಿಲ್ಲ. ಯಾವ ಊರಲ್ಲಿ ಏನು ಮಾಡಬಹುದು, ಏನು ಮಾಡಬಾರದು, ಅದರ ನಷ್ಟ ಯಾರು ಹೊರಬೇಕು ಅನ್ನುವುದು ರಾಜಕೀಯದ ಮಾತೇ. ಅದು ರಾಜಕೀಯಕ್ಕೆ ಬರಲೇಬೇಕಿತ್ತು. ಬಂದದ್ದು ಮಾತ್ರ ತಪ್ಪು ಹೊತ್ತಿಗೆ, ತಪ್ಪು ಬಾಗಿಲಿನಿಂದ.

ಎರಡು ವರದಿ, ಎರಡು ಅಳತೆ

2010ರ ಮಾರ್ಚ್‌ನಲ್ಲಿ ಆಗಿನ ಕೇಂದ್ರ ಪರಿಸರ ಸಚಿವ ಜೈರಾಂ ರಮೇಶ್ ಒಂದು ಸಮಿತಿ ಮಾಡಿದರು. ಅಧ್ಯಕ್ಷರು ಮಾಧವ ಗಾಡ್ಗೀಳ್, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಬಹುಕಾಲ ಇದ್ದ ಪರಿಸರ ವಿಜ್ಞಾನಿ. ಕರ್ನಾಟಕ ಅವರಿಗೆ ಹೊಸದಲ್ಲ. ಎಪ್ಪತ್ತರ ದಶಕದಲ್ಲೇ ಇಲ್ಲಿನ ಬಿದಿರು ಕಾಡುಗಳನ್ನು ಅಧ್ಯಯನ ಮಾಡಿದವರು. ಬಿದಿರು ಮುಗಿಯುತ್ತಿರುವುದು ಹಳ್ಳಿಯವರಿಂದ ಅಲ್ಲ, ಕಾಗದದ ಕಾರ್ಖಾನೆಗಳ ಮಿತಿಮೀರಿದ ಕಡಿತದಿಂದ ಎಂದು ಹೇಳಿದವರು. ಅಂಥವರಿಗೇ ಆಮೇಲೆ 'ಜನವಿರೋಧಿ' ಅನ್ನುವ ಹಣೆಪಟ್ಟಿ ಬಿತ್ತು. ಇರಲಿ.

ಸಮಿತಿ ಇಡೀ ಘಟ್ಟವನ್ನು ಸುಮಾರು 9 ಕಿಲೋಮೀಟರ್ ಉದ್ದ, ಅಷ್ಟೇ ಅಗಲದ ಚೌಕಗಳಾಗಿ ಕತ್ತರಿಸಿತು. ಅಂಥವು ಸುಮಾರು 2,200. ಬೇರೆಲ್ಲೂ ಸಿಗದ ಗಿಡಗಳು ಎಷ್ಟಿವೆ, ಕಾಡು ಎಷ್ಟಿದೆ, ಇಳಿಜಾರು ಎಷ್ಟು, ಎತ್ತರ ಎಷ್ಟು, ಹೊಳೆಯಂಚಿನ ಕಾಡು ಇದೆಯಾ ಅಂತೆಲ್ಲ ನೋಡಿ ಒಂದೊಂದು ಚೌಕಕ್ಕೂ ಅಂಕ ಕೊಟ್ಟಿತು. ಅಂಕದ ಮೇಲೆ ಮೂರು ವಲಯ ಮಾಡಿತು. ಒಂದನೇ ವಲಯದಲ್ಲಿ ಕಟ್ಟುನಿಟ್ಟು ಜಾಸ್ತಿ: ಹೊಸ ಗಣಿ ಇಲ್ಲ, ದೊಡ್ಡ ಅಣೆಕಟ್ಟು ಇಲ್ಲ. ಕೇರಳದ ಅತಿರಪಳ್ಳಿ, ನಮ್ಮ ಹಾಸನ ಜಿಲ್ಲೆಯ ಗುಂಡ್ಯ, ಈ ಎರಡೂ ಜಲವಿದ್ಯುತ್ ಯೋಜನೆಗಳು ಬೇಡ ಎಂದು ಹೆಸರು ಹಿಡಿದೇ ಹೇಳಿತು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಚೌಕಕ್ಕೆ ಅಂಕ ಕೊಡುವುದು ವಿಜ್ಞಾನ. ಎಷ್ಟು ಅಂಕ ಬಂದರೆ ಒಂದನೇ ವಲಯ? ಅದನ್ನು ಯಾವ ಗಿಡವೂ ಹೇಳುವುದಿಲ್ಲ, ಯಾವ ಗುಡ್ಡವೂ ಹೇಳುವುದಿಲ್ಲ. ಈಗಾಗಲೇ ಇರುವ ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳು ಮತ್ತು ಒಂದನೇ ವಲಯ ಸೇರಿ ಒಟ್ಟು ಜಾಗದ ಶೇಕಡ 60ರ ಆಸುಪಾಸು ಇರಲಿ ಅಂತ ಸಮಿತಿ ತಾನೇ ಗೆರೆ ಎಳೆಯಿತು. 50 ಅಂದಿದ್ದರೆ ಕೆಲವು ಊರು ಹೊರಗೆ ಉಳಿಯುತ್ತಿದ್ದವು. 70 ಅಂದಿದ್ದರೆ ಇನ್ನಷ್ಟು ಒಳಗೆ ಬರುತ್ತಿದ್ದವು. ಗೆರೆ ತಪ್ಪು ಅಂತಲ್ಲ. ಅದು ತೀರ್ಮಾನ, ಆವಿಷ್ಕಾರ ಅಲ್ಲ. ತೀರ್ಮಾನವಾದ ಮೇಲೆ ಅದರ ಬಗ್ಗೆ ಜಗಳ ಮಾಡುವ ಹಕ್ಕು ಗೆರೆಯ ಮೇಲೆ ಮನೆ ಇರುವವನಿಗೆ ಇದ್ದೇ ಇದೆ, ಅಲ್ವಾ?

ಗಾಡ್ಗೀಳ್ ಇದನ್ನು ಒಪ್ಪಿದ್ದರು. ತಮ್ಮ ವಲಯಗಳು ತಾತ್ಕಾಲಿಕ, ಗ್ರಾಮಸಭೆಗಳಲ್ಲಿ ಚರ್ಚೆಯಾಗಿ ಅಂತಿಮವಾಗಲಿ ಅನ್ನುವುದು ವರದಿಯಲ್ಲೇ ಇದೆ. ಮಹಾರಾಷ್ಟ್ರದ ಸಿಂಧುದುರ್ಗ ಜಿಲ್ಲೆಯ 25 ಗ್ರಾಮಸಭೆಗಳು 'ನಮ್ಮ ಊರನ್ನು ಸೂಕ್ಷ್ಮ ಪ್ರದೇಶಕ್ಕೆ ಸೇರಿಸಿ' ಅಂತ ತಾವಾಗಿಯೇ ನಿರ್ಣಯ ಮಾಡಿದ್ದವು. ಗಣಿ ಬರುವ ಭಯ ಇದ್ದ ಊರುಗಳು ಅವು. ಅಂದರೆ ಘಟ್ಟದ ಜನ ಎಲ್ಲರೂ ಸಾರಾಸಗಟಾಗಿ ವಿರೋಧಿಗಳು ಅನ್ನುವುದು ಸುಳ್ಳು.

ಗದ್ದಲ ಎದ್ದ ಮೇಲೆ 2012ರಲ್ಲಿ ಎರಡನೇ ಸಮಿತಿ ಬಂತು. ಅಧ್ಯಕ್ಷರು ಇಸ್ರೊ ಮುಖ್ಯಸ್ಥರಾಗಿದ್ದ ಕೆ. ಕಸ್ತೂರಿರಂಗನ್. ಈ ಸಮಿತಿ ಉಪಗ್ರಹದ ಚಿತ್ರ ನೋಡಿತು. ಸಹಜ ಕಾಡು ಇರುವ ಭಾಗ ಒಂದು, ತೋಟ, ಗದ್ದೆ, ಊರು ಇರುವ ಭಾಗ ಇನ್ನೊಂದು ಅಂತ ಬೇರೆ ಮಾಡಿತು. ಇಡೀ ಘಟ್ಟ ಬೇಡ, ಸುಮಾರು ಶೇಕಡ 37 ಭಾಗ, ಅಂದರೆ 59,940 ಚದರ ಕಿಲೋಮೀಟರ್ ಸಾಕು ಎಂದಿತು. ಗುಜರಾತಿನಿಂದ ತಮಿಳುನಾಡಿನವರೆಗೆ ಆರು ರಾಜ್ಯಗಳ 4,156 ಹಳ್ಳಿಗಳು. ಅದರಲ್ಲಿ ಅತಿ ದೊಡ್ಡ ಪಾಲು ಕರ್ನಾಟಕದ್ದು: 20,668 ಚದರ ಕಿಲೋಮೀಟರ್.

ಇಲ್ಲೂ ಒಂದು ಗೆರೆ ಇದೆ. ಒಂದು ಹಳ್ಳಿಯ ಜಾಗದಲ್ಲಿ ಶೇಕಡ 20 ಅಥವಾ ಹೆಚ್ಚು ಭಾಗ ಸೂಕ್ಷ್ಮ ಅಂತ ಕಂಡರೆ ಇಡೀ ಹಳ್ಳಿಯೇ ಪಟ್ಟಿಗೆ. ಆಡಳಿತಕ್ಕೆ ಇದು ಸಲೀಸು. ಆದರೆ ಉಳಿದ ಶೇಕಡ 80ರಲ್ಲಿ ಅಡಿಕೆ ತೋಟ ಇಟ್ಟುಕೊಂಡವನಿಗೆ ಪಟ್ಟಿಯಲ್ಲಿ ಕಾಣುವುದು ತನ್ನ ಊರ ಹೆಸರು ಮಾತ್ರ. 'ಗುಡ್ಡದ ಮೇಲಿನ ಕಾಡಿಗೂ ನನ್ನ ತೋಟಕ್ಕೂ ಏನು ಸಂಬಂಧ?' ಅಂತ ಅವನು ಕೇಳಿದರೆ ಅದು ಮೂಢತನ ಅಲ್ಲ. ವಿಜ್ಞಾನ ವಿರೋಧವೂ ಅಲ್ಲ.

ಎರಡು ವರದಿಗಳಿಗೆ ಇಷ್ಟು ವ್ಯತ್ಯಾಸ ಇದೆ. ಗ್ರಾಮಸಭೆಯನ್ನೇ ಬಿಟ್ಟುಬಿಟ್ಟಿರಿ ಅಂತ ಗಾಡ್ಗೀಳ್ ಅವರೇ ಕಸ್ತೂರಿರಂಗನ್‌ಗೆ ಬಹಿರಂಗ ಪತ್ರ ಬರೆದರು. ಆದರೆ ಊರ ಬಾಯಲ್ಲಿ ಇವೆರಡೂ ಸೇರಿ ಒಂದೇ 'ವರದಿ' ಆಗಿಹೋದವು. ಒಂದರಲ್ಲಿದ್ದ ನಿಷೇಧ ಇನ್ನೊಂದರ ಲೆಕ್ಕಕ್ಕೆ ಹೋಯಿತು.

ಒಂಬತ್ತು ತಿಂಗಳ ಮೌನ

ಗಾಡ್ಗೀಳ್ ಸಮಿತಿ ವರದಿ ಕೊಟ್ಟದ್ದು 2011ರ ಆಗಸ್ಟ್ 31ಕ್ಕೆ. ಅಷ್ಟರಲ್ಲಿ ಜೈರಾಂ ರಮೇಶ್ ಬೇರೆ ಖಾತೆಗೆ ಹೋಗಿದ್ದರು. ಸಚಿವಾಲಯ ವರದಿಯನ್ನು ಕಪಾಟಿನಲ್ಲಿಟ್ಟಿತು. ಮಾಹಿತಿ ಹಕ್ಕಿನಲ್ಲಿ ಕೇಳಿದರೆ ಕೊಡಲಿಲ್ಲ. ಕೊಡಿ ಅಂತ ಕೇಂದ್ರ ಮಾಹಿತಿ ಆಯೋಗ ಹೇಳಿತು. ಸಚಿವಾಲಯ ದೆಹಲಿ ಹೈಕೋರ್ಟಿಗೆ ಹೋಯಿತು. ಅಲ್ಲೂ ಸೋತು, 2012ರ ಮೇ ತಿಂಗಳಲ್ಲಿ ವರದಿಯನ್ನು ಸಾರ್ವಜನಿಕರ ಮುಂದಿಟ್ಟಿತು.

ನನ್ನ ಪ್ರಕಾರ ಇಡೀ ಕತೆಯ ತಿರುವು ಇಲ್ಲೇ ಇದೆ. ಜನರ ಹೊಲ, ಮನೆ, ಗುಡ್ಡದ ಬಗ್ಗೆ ದೆಹಲಿಯಲ್ಲಿ ಏನೋ ಬರೆದಿದ್ದಾರೆ ಅನ್ನುವುದು ಎಲ್ಲರಿಗೂ ಗೊತ್ತು. ಏನು ಬರೆದಿದ್ದಾರೆ ಅನ್ನುವುದು ಯಾರಿಗೂ ಗೊತ್ತಿಲ್ಲ. ಗುಮಾನಿ ಬೆಳೆಯಲು ಇನ್ನೇನು ಬೇಕು? ಮುಚ್ಚಿಟ್ಟಿದ್ದಾರೆ ಅಂದರೆ ಏನೋ ಕೆಟ್ಟದ್ದೇ ಇರಬೇಕು ಅಂತ ಯಾರಾದರೂ ಅಂದುಕೊಳ್ಳುತ್ತಾರೆ. ಕೊನೆಗೆ ವರದಿ ಹೊರಬಂದಾಗ ಅದು ಇಂಗ್ಲಿಷಿನಲ್ಲಿತ್ತು, ನೂರಾರು ಪುಟ ಇತ್ತು.

ಭಾಷೆಯ ಸಂಗತಿ ಸಣ್ಣದಲ್ಲ. ಕೇಂದ್ರದ ಗೆಜೆಟ್ ಬರುವುದು ಹಿಂದಿ ಮತ್ತು ಇಂಗ್ಲಿಷಿನಲ್ಲಿ. ಕಸ್ತೂರಿರಂಗನ್ ವರದಿ ಜಾರಿ ಮಾಡಲು ಕೇಂದ್ರ ಹೊರಡಿಸಿದ ಕರಡು ಅಧಿಸೂಚನೆಗೆ ಆಕ್ಷೇಪಣೆ ಹಾಕಲು 60 ದಿನ. ಹೊಸನಗರದ ರೈತನೋ ಶೃಂಗೇರಿಯ ರೈತನೋ ಈ 60 ದಿನದಲ್ಲಿ ಇಂಗ್ಲಿಷ್ ಗೆಜೆಟ್ ಹುಡುಕಿ, ಓದಿ, ಅರ್ಥ ಮಾಡಿಕೊಂಡು ಉತ್ತರ ಬರೆಯಬೇಕು. 2020ರಲ್ಲಿ ಪರಿಸರ ಪರಿಣಾಮ ಅಂದಾಜಿನ ಬೇರೊಂದು ಕರಡು ಬಂದಾಗ, ಅದನ್ನು ಸಂವಿಧಾನದ ಎಂಟನೇ ಪರಿಚ್ಛೇದದ ಭಾಷೆಗಳಿಗೆಲ್ಲ ಅನುವಾದ ಮಾಡಿ ಅಂತ ದೆಹಲಿ ಹೈಕೋರ್ಟ್ ಹೇಳಬೇಕಾಯಿತು. ಕೋರ್ಟ್ ಹೇಳುವವರೆಗೆ ಅದು ಸಚಿವಾಲಯಕ್ಕೆ ಹೊಳೆದಿರಲಿಲ್ಲ. ತನ್ನ ಭಾಷೆಯಲ್ಲಿ ಕಾಗದ ಸಿಗದವನು ಅದರ ತಿರುಳನ್ನು ಮೈಕ್ ಹಿಡಿದವನ ಬಾಯಿಂದ ಕೇಳುತ್ತಾನೆ. ಬೇರೆ ದಾರಿ ಇಲ್ಲ.

ಮೈಕಿನಲ್ಲಿ ಬಂದದ್ದು ಏನು? ಎಲ್ಲರನ್ನೂ ಒಕ್ಕಲೆಬ್ಬಿಸುತ್ತಾರೆ. ಅಡಿಕೆ, ಕಾಫಿ ಬೆಳೆಯುವ ಹಾಗಿಲ್ಲ. ಮನೆ ಕಟ್ಟುವ ಹಾಗಿಲ್ಲ. ಕರಡು ಅಧಿಸೂಚನೆಯನ್ನು ಕೈಯಲ್ಲಿ ಹಿಡಿದು ನೋಡಿದರೆ ಒಕ್ಕಲೆಬ್ಬಿಸುವ ಮಾತು ಇಲ್ಲ. ತೋಟಗಾರಿಕೆಗೆ ನಿಷೇಧ ಇಲ್ಲ. ನಿಷೇಧ ಇರುವುದು ಗಣಿ, ಕಲ್ಲು ಕ್ವಾರಿ, ಮರಳುಗಾರಿಕೆಗೆ, ಕಲ್ಲಿದ್ದಲಿನಂಥ ಉಷ್ಣ ವಿದ್ಯುತ್ ಸ್ಥಾವರಕ್ಕೆ, ಹೆಚ್ಚು ಮಾಲಿನ್ಯದ 'ಕೆಂಪು' ವರ್ಗದ ಕಾರ್ಖಾನೆಗೆ, ದೊಡ್ಡ ಟೌನ್‌ಶಿಪ್‌ಗೆ, 20,000 ಚದರ ಮೀಟರ್ ಮೀರಿದ ಕಟ್ಟಡಕ್ಕೆ. 20,000 ಚದರ ಮೀಟರ್ ಅಂದರೆ ಎರಡು ಲಕ್ಷ ಚದರಡಿಗೂ ಜಾಸ್ತಿ. ಅಷ್ಟು ದೊಡ್ಡ ಮನೆ ಕಟ್ಟುವ ಅಡಿಕೆ ಬೆಳೆಗಾರ ನನಗಂತೂ ಗೊತ್ತಿಲ್ಲ.

ಹಾಗಂತ ಗಾಳಿಮಾತನ್ನು ಸುಮ್ನೆ ತಳ್ಳಿಹಾಕಿದರೂ ತಪ್ಪಾಗುತ್ತದೆ. ಒಂದೊಂದು ಗಾಳಿಮಾತಿನ ಬುಡದಲ್ಲೂ ಒಂದು ಕಾಳು ಸತ್ಯ ಇತ್ತು. ಕ್ವಾರಿ, ಮರಳು ನಿಂತರೆ ಜಲ್ಲಿ ಎಲ್ಲಿಂದ ತರುವುದು? ಹತ್ತು ಚದರದ ಮನೆಗೂ ಮರಳು ಬೇಕಲ್ಲ. ಇನ್ನು ಗಾಡ್ಗೀಳ್ ವರದಿಯಲ್ಲಿ ರಾಸಾಯನಿಕ ಕೀಟನಾಶಕವನ್ನು ಒಂದನೇ ವಲಯದಲ್ಲಿ 5 ವರ್ಷ, ಎರಡನೇ ವಲಯದಲ್ಲಿ 8 ವರ್ಷ, ಮೂರನೇ ವಲಯದಲ್ಲಿ 10 ವರ್ಷದೊಳಗೆ ನಿಲ್ಲಿಸಬೇಕು ಅಂತ ಇತ್ತು. ಸಾವಯವಕ್ಕೆ ಹೊರಳುವವರಿಗೆ ನೆರವು ಕೊಡಿ ಅಂತಲೂ ಇತ್ತು. ಆದರೆ ಆಷಾಢದ ಮಳೆಯಲ್ಲಿ ಕೊಳೆರೋಗಕ್ಕೆ ಹೆದರಿ ಮರ ಹತ್ತಿಸಿ ಔಷಧಿ ಹೊಡೆಸುವವನು ಇಂಥ ಸಾಲು ಕಂಡರೆ ಎದೆ ಧಸಕ್ಕೆನ್ನದೆ ಇರುತ್ತದಾ? 'ನೆರವು' ಅನ್ನುವ ಶಬ್ದವನ್ನು ಅವನು ಬೇಕಾದಷ್ಟು ಸಲ ಕೇಳಿದ್ದಾನೆ.

ಅದಕ್ಕೂ ಹಿಂದಿನ ಬಾಕಿ ಒಂದಿದೆ. ಮಲೆನಾಡಿಗನಿಗೆ ಸರ್ಕಾರ ಅಂದರೆ ಮೊದಲು ಎದುರಾಗುವುದು ಅರಣ್ಯ ಇಲಾಖೆ. ಸೊಪ್ಪಿನ ಬೆಟ್ಟ, ಬಾಣೆ, ಕುಮ್ಕಿ, ಬಗರ್ ಹುಕುಂ, ಡೀಮ್ಡ್ ಫಾರೆಸ್ಟ್, ಸೆಕ್ಷನ್ ನಾಲ್ಕು, ಒತ್ತುವರಿ ತೆರವು: ಎಲ್ಲವೂ ಜಾಗ ಯಾರದ್ದು ಅನ್ನುವ ತಕರಾರಿನ ಹೆಸರುಗಳು. ಅಜ್ಜನ ಕಾಲದಿಂದ ಮಾಡಿಕೊಂಡು ಬಂದ ಜಾಗ ಕಾಗದದಲ್ಲಿ ಕಾಡು ಅಂತ ಇರುತ್ತದೆ. ಕುದುರೆಮುಖ ರಾಷ್ಟ್ರೀಯ ಉದ್ಯಾನ ಆದಾಗಿನಿಂದ ಅಲ್ಲಿನ ಕುಟುಂಬಗಳು ಏಳಬೇಕೋ ಇರಬೇಕೋ ಅನ್ನುವ ತೂಗುಯ್ಯಾಲೆಯಲ್ಲಿ ದಿನ ಕಳೆದಿವೆ. ಇಷ್ಟೆಲ್ಲ ಕಂಡವನಿಗೆ 'ಇದು ಬೇರೆ ಕಾನೂನು, 1986ರ ಪರಿಸರ ಸಂರಕ್ಷಣಾ ಕಾಯ್ದೆ, ಅರಣ್ಯ ಇಲಾಖೆಗೂ ಇದಕ್ಕೂ ಸಂಬಂಧವಿಲ್ಲ' ಅಂತ ಹೇಳಿದರೆ ನಂಬುತ್ತಾನಾ? ಅವನು ವರದಿಯನ್ನು ವರದಿಯಿಂದ ಅಳೆಯುವುದಿಲ್ಲ. ಅದನ್ನು ತಂದವರ ಹಿಂದಿನ ನಡತೆಯಿಂದ ಅಳೆಯುತ್ತಾನೆ.

ಹೊರೆ ಯಾರಿಗೆ, ಲಾಭ ಯಾರಿಗೆ

ಎಲ್ಲ ವಿಜ್ಞಾನದ ಸಂಗತಿಗೂ ಹೀಗಾಗುವುದಿಲ್ಲ. ಓಜೋನ್ ಪದರ ತೂತಾಗುತ್ತಿದೆ ಅಂದಾಗ 1987ರಲ್ಲಿ ಮಾಂಟ್ರಿಯಲ್ ಒಪ್ಪಂದ ಆಯಿತು. ಅಮೆರಿಕದಲ್ಲಿ ಆಗ ರೊನಾಲ್ಡ್ ರೇಗನ್, ಬ್ರಿಟನ್ನಿನಲ್ಲಿ ಮಾರ್ಗರೆಟ್ ಥ್ಯಾಚರ್. ಇಬ್ಬರೂ ಪರಿಸರವಾದಿಗಳೇನಲ್ಲ. ಆದರೂ ಒಪ್ಪಂದ ನಿಂತಿತು. ಆ ರಾಸಾಯನಿಕ ತಯಾರಿಸುತ್ತಿದ್ದ ಕಂಪನಿಗಳು ಬೆರಳೆಣಿಕೆಯಷ್ಟು. ಬದಲಿ ವಸ್ತು ಕೈಗೆಟಕುವಂತಿತ್ತು. ಫ್ರಿಜ್ ಕೊಳ್ಳುವವನ ಬದುಕೇನೂ ಏರುಪೇರಾಗಲಿಲ್ಲ.

ಘಟ್ಟದ ಲೆಕ್ಕ ಇದರ ಉಲ್ಟಾ. ಕಾವೇರಿ, ತುಂಗಭದ್ರಾ, ಕೃಷ್ಣಾ ಎಲ್ಲದರ ಮೂಲ ಅಲ್ಲೇ ಇದೆ. ಗುಡ್ಡ ಉಳಿದರೆ ಲಾಭ ಬೆಂಗಳೂರಿನ ನಲ್ಲಿಗೆ, ರಾಯಚೂರಿನ ಗದ್ದೆಗೆ, ತಮಿಳುನಾಡಿನ ಕಾಲುವೆಗೆ. ಕಟ್ಟುಪಾಡು ಮಾತ್ರ ಗುಡ್ಡದಲ್ಲಿರುವವನಿಗೆ. ಗುಡ್ಡ ಕಾಯುವವರಿಗೆ ದುಡ್ಡು ಕೊಡಬೇಕು ಅನ್ನುವ ಸಲಹೆ ವರದಿಯಲ್ಲಿತ್ತು. ಆ ಪುಟದ ಬಗ್ಗೆ ಯಾವ ಸಭೆಯಲ್ಲೂ ಜೋರು ಚರ್ಚೆಯಾದ ನೆನಪು ನನಗಿಲ್ಲ. 'ವರದಿ ಬೇಕು' ಅನ್ನುವವರೂ ಎತ್ತಲಿಲ್ಲ, 'ಬೇಡ' ಅನ್ನುವವರೂ ಎತ್ತಲಿಲ್ಲ. ದುಡ್ಡು ಎಷ್ಟು, ಯಾರ ಕಿಸೆಯಿಂದ ಅನ್ನುವ ಪ್ರಶ್ನೆ ಎದ್ದಿದ್ದರೆ ಅದೇ ನಿಜವಾದ ರಾಜಕೀಯ ಆಗುತ್ತಿತ್ತು.

ಈ ಗಲಾಟೆಯಲ್ಲಿ ಕಾಣದೆ ಉಳಿದವರೂ ಇದ್ದಾರೆ. ನಿಷೇಧದ ಪಟ್ಟಿಯನ್ನು ಮತ್ತೊಮ್ಮೆ ನೋಡಿ. ಕಳೆದುಕೊಳ್ಳುವುದು ಯಾರಿಗೆ ಜಾಸ್ತಿ? ಕ್ವಾರಿ ಮಾಲೀಕ, ಮರಳಿನ ಗುತ್ತಿಗೆದಾರ, ದೊಡ್ಡ ರೆಸಾರ್ಟ್ ಕಟ್ಟುವವನು. ಆದರೆ ಪ್ರತಿಭಟನೆಯ ಮೊದಲ ಸಾಲಿನಲ್ಲಿ ನಿಂತಿದ್ದು ಎರಡೆಕರೆ ತೋಟದವನು.

ಕೇರಳದಲ್ಲಿ ಇದು ಬೆಂಕಿಯಾಯಿತು. 2013ರ ನವೆಂಬರ್ 13ರಂದು ಕೇಂದ್ರ ಸಚಿವಾಲಯ ಸೂಕ್ಷ್ಮ ಪ್ರದೇಶದಲ್ಲಿ ಹೊಸ ಗಣಿ, ದೊಡ್ಡ ಕಟ್ಟಡಕ್ಕೆಲ್ಲ ತಡೆ ಹಾಕಿತು. ಅದೇ ವಾರ ಕೋಯಿಕ್ಕೋಡ್ ಜಿಲ್ಲೆಯ ತಾಮರಶ್ಶೇರಿಯಲ್ಲಿ ಅರಣ್ಯ ಇಲಾಖೆಯ ಕಚೇರಿ ಸುಟ್ಟರು. ಇಡುಕ್ಕಿಯಲ್ಲಿ ಚರ್ಚ್ ಕೂಡ ವಿರೋಧಕ್ಕೆ ನಿಂತಿತು. ಅಲ್ಲಿನ ಕಾಂಗ್ರೆಸ್ ಸಂಸದ ಪಿ.ಟಿ. ಥಾಮಸ್ ಗಾಡ್ಗೀಳ್ ವರದಿಯ ಪರ ಮಾತಾಡಿದ್ದರು. ಬದುಕಿದ್ದಾಗಲೇ ಅವರ ಅಣಕು ಶವಯಾತ್ರೆ ನಡೆಯಿತು. 2014ರ ಚುನಾವಣೆಯಲ್ಲಿ ಪಕ್ಷ ಅವರಿಗೆ ಟಿಕೆಟ್ ಕೊಡಲಿಲ್ಲ. ಎಡರಂಗ ಬೆಂಬಲಿಸಿದ ಪಕ್ಷೇತರ ಅಭ್ಯರ್ಥಿ ಗೆದ್ದರು. ಉಳಿದ ಸಂಸದರಿಗೆ, ಶಾಸಕರಿಗೆ ಇಷ್ಟು ಪಾಠ ಸಾಕಾಯಿತು.

ನಮ್ಮಲ್ಲಿ ಬೆಂಕಿ ಹತ್ತಲಿಲ್ಲ. ಬದಲಿಗೆ ವಿಚಿತ್ರ ಒಗ್ಗಟ್ಟು ಹುಟ್ಟಿತು. ರಾಜಕೀಯ ಅಂದರೆ ಪಕ್ಷಗಳ ಕಿತ್ತಾಟ ಅಂದುಕೊಳ್ಳುತ್ತೇವೆ. ಇಲ್ಲಿ ಕಿತ್ತಾಟವೇ ಇಲ್ಲ. ವರದಿ ಬರೆಸಿದ್ದು, ಮೊದಲ ಕರಡು ತಂದದ್ದು ಯುಪಿಎ ಸರ್ಕಾರ. ಆಮೇಲೆ ಕರಡಿನ ಮೇಲೆ ಕರಡು ತಂದದ್ದು ಎನ್‌ಡಿಎ ಸರ್ಕಾರ. ರಾಜ್ಯದಲ್ಲಿ ಬೊಮ್ಮಾಯಿ ಸರ್ಕಾರವೂ ಬೇಡ ಎಂದಿತು, ಸಿದ್ದರಾಮಯ್ಯ ಸರ್ಕಾರವೂ ಬೇಡ ಎಂದಿತು. ಅದೇ ಪಕ್ಷಗಳದ್ದು ದೆಹಲಿಯಲ್ಲಿ ಒಂದು ಮಾತು, ಬೆಂಗಳೂರಿನಲ್ಲಿ ಇನ್ನೊಂದು. ಎಲ್ಲ ಪಕ್ಷಗಳೂ ಒಂದೇ ಕಡೆ ನಿಂತಾಗ ವಿಧಾನಸಭೆಯಲ್ಲಿ ಎದ್ದು ಪ್ರಶ್ನೆ ಕೇಳುವವರೇ ಇರುವುದಿಲ್ಲ. ಬೇಡ ಸರಿ, ಅದರ ಬದಲು ಏನು ಮಾಡುತ್ತೀರಿ? ಈ ಪ್ರಶ್ನೆಗೆ ವಾರಸುದಾರರಿಲ್ಲ.

ಗುಡ್ಡ ಕುಸಿದ ಮೇಲೆ

2018ರಲ್ಲಿ ಕೊಡಗು. 2020ರಲ್ಲಿ ತಲಕಾವೇರಿ. 2024ರ ಜುಲೈ 16ರಂದು ಅಂಕೋಲದ ಶಿರೂರು. ಅದಾಗಿ ಎರಡೇ ವಾರಕ್ಕೆ, ಜುಲೈ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲ.

ವಯನಾಡಿನ ದುರಂತದ ಮರುದಿನವೇ ಗೃಹ ಸಚಿವ ಅಮಿತ್ ಶಾ ರಾಜ್ಯಸಭೆಯಲ್ಲಿ, ಜುಲೈ 23ರಿಂದಲೇ ಕೇರಳಕ್ಕೆ ಮುನ್ನೆಚ್ಚರಿಕೆ ಕೊಟ್ಟಿದ್ದೆವು ಎಂದರು. ಮುಖ್ಯಮಂತ್ರಿ ಪಿಣರಾಯಿ ವಿಜಯನ್, ಕೊಟ್ಟಿದ್ದು ಆರೆಂಜ್ ಅಲರ್ಟ್ ಮಾತ್ರ, ರೆಡ್ ಅಲರ್ಟ್ ಬಂದದ್ದು ಕುಸಿತವಾದ ಮೇಲೆ ಎಂದರು. ಎರಡೂ ಮಾತು ಒಟ್ಟಿಗೆ ನಿಜವಾಗಿರಬಹುದು! ವಾರದ ಹಿಂದಿನ ಸಾಮಾನ್ಯ ಎಚ್ಚರಿಕೆ ಬೇರೆ, 'ಈ ರಾತ್ರಿ ಈ ಇಳಿಜಾರು ಬಿಟ್ಟು ಏಳಿ' ಅನ್ನುವ ಎಚ್ಚರಿಕೆ ಬೇರೆ. ಎರಡನೆಯದ್ದು ಕೊಡುವ ವ್ಯವಸ್ಥೆ ನಮ್ಮಲ್ಲಿ ಯಾಕಿಲ್ಲ ಅನ್ನುವುದು ಕೇಳಬೇಕಾದ ಪ್ರಶ್ನೆ. ಅದರ ಬದಲು ಟಿವಿಯಲ್ಲಿ ಯಾರು ಸುಳ್ಳುಗಾರ ಅನ್ನುವ ಚರ್ಚೆ ನಡೆಯಿತು. ಯಾವ ದಿನ ಯಾವ ಬಣ್ಣದ ಅಲರ್ಟ್ ಬಂತು ಅನ್ನುವುದು ದಾಖಲೆ ತೆಗೆದು ಐದು ನಿಮಿಷದಲ್ಲಿ ನೋಡಬಹುದಾದ ಸಂಗತಿ. ಅದಕ್ಕೂ ಪಕ್ಷದ ಬಣ್ಣ ಬಂತು.

ಇನ್ನು ಶಿರೂರು. ಅಲ್ಲಿ ಎಲ್ಲರ ಬೆರಳು ಹೋದದ್ದು ಹೆದ್ದಾರಿ 66ರ ಕಡೆಗೆ. ರಸ್ತೆ ಅಗಲ ಮಾಡಲು ಗುಡ್ಡದ ಬುಡ ಕಡಿದಿದ್ದರು. ಕೂಡಲೇ 'ಕಸ್ತೂರಿರಂಗನ್ ವರದಿ ಜಾರಿಯಾಗಿದ್ದರೆ' ಅನ್ನುವ ಮಾತು ಶುರುವಾಯಿತು. ಆದರೆ ಕರಡಿನ ನಿಷೇಧದ ಪಟ್ಟಿಯಲ್ಲಿ ಹೆದ್ದಾರಿ ಅಗಲೀಕರಣ ಇಲ್ಲ. ವರದಿಯ ಪರ ಇರುವವರೂ ಅದನ್ನು ಒಂದು ಬಾವುಟದ ಹಾಗೆ ಹಿಡಿದಿದ್ದಾರೆ, ಬಿಚ್ಚಿ ಓದುವ ಕಾಗದದ ಹಾಗೆ ಅಲ್ಲ. ಗುಡ್ಡವನ್ನು ಎಷ್ಟು ಕೋನದಲ್ಲಿ ಕಡಿಯಬೇಕು, ನೀರು ಎಲ್ಲಿಂದ ಇಳಿಯಬೇಕು, ತಡೆಗೋಡೆ ಯಾರು ಕಟ್ಟಬೇಕು ಅನ್ನುವ ಎಂಜಿನಿಯರಿಂಗ್ ಪ್ರಶ್ನೆಗಳು ಆ ಬಾವುಟದ ನೆರಳಲ್ಲೇ ಮರೆಯಾದವು.

ವಯನಾಡು ಕುಸಿದ ಮರುದಿನ, 2024ರ ಜುಲೈ 31ರ ದಿನಾಂಕ ಹೊತ್ತು ಆರನೇ ಕರಡು ಅಧಿಸೂಚನೆ ಬಂತು. ಹೌದು, ಆರನೆಯದು. ಮೊದಲನೆಯದು ಬಂದದ್ದು 2014ರ ಮಾರ್ಚ್‌ನಲ್ಲಿ. ಕರಡಿಗೆ ಒಂದು ಗಡುವು ಇರುತ್ತದೆ. ಅಷ್ಟರೊಳಗೆ ಅಂತಿಮ ಮಾಡದಿದ್ದರೆ ತಾನೇ ಬಿದ್ದುಹೋಗುತ್ತದೆ. ಮತ್ತೆ ಹೊಸ ಕರಡು, ಮತ್ತೆ ಆಕ್ಷೇಪಣೆ. ಈ ಏರ್ಪಾಡು ಎಲ್ಲರಿಗೂ ಅನುಕೂಲ. ಕೇಂದ್ರಕ್ಕೆ 'ಕರಡು ತಂದಿದ್ದೇವೆ' ಅನ್ನಬಹುದು. ರಾಜ್ಯಕ್ಕೆ 'ವಿರೋಧಿಸಿದ್ದೇವೆ' ಅನ್ನಬಹುದು. ಅದೇ ಸೆಪ್ಟೆಂಬರ್‌ನಲ್ಲಿ ಕರ್ನಾಟಕದ ಸಚಿವ ಸಂಪುಟ ವರದಿಯನ್ನು ಮತ್ತೆ ತಿರಸ್ಕರಿಸಿತು.

ಈ ಕರಡುಗಳ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಒಂದು ತಮಾಷೆ ಕಾಣುತ್ತದೆ. ಕಸ್ತೂರಿರಂಗನ್ ಹೇಳಿದ್ದು ಒಟ್ಟು 59,940 ಚದರ ಕಿಲೋಮೀಟರ್. 2024ರ ಕರಡಿನಲ್ಲಿರುವುದು 56,825. ಕಡಿಮೆಯಾದದ್ದು ಸುಮಾರು 3,115. ಅಷ್ಟೂ ಕೇರಳದ ಪಾಲು. ಕಚೇರಿ ಸುಟ್ಟ, ಹರತಾಳ ಮಾಡಿದ ಅದೇ ಕೇರಳ, ಅದರ ಜೊತೆಗೇ ಉಮ್ಮನ್ ವಿ. ಉಮ್ಮನ್ ನೇತೃತ್ವದಲ್ಲಿ ಒಂದು ಸಮಿತಿ ಮಾಡಿತು. ಪಟ್ಟಿಯಲ್ಲಿದ್ದ 123 ಹಳ್ಳಿಗಳಲ್ಲಿ ನೆಲದ ಮೇಲೆ ಅಳತೆಯಾಯಿತು. ತೋಟ ಎಲ್ಲಿ, ಊರು ಎಲ್ಲಿ, ಕಾಡು ಎಲ್ಲಿ ಅಂತ ಬೇರೆ ಮಾಡಿ ತೋರಿಸಿತು. 13,108 ಚದರ ಕಿಲೋಮೀಟರ್ ಇದ್ದದ್ದು 9,993.7ಕ್ಕೆ ಇಳಿಯಿತು. ಮೊದಲ ಕರಡಿನಲ್ಲೇ ಕೇಂದ್ರ ಅದನ್ನು ಒಪ್ಪಿತು.

ಕರ್ನಾಟಕದ ಉತ್ತರ ಇಷ್ಟು ವರ್ಷವೂ ಹೆಚ್ಚುಕಡಿಮೆ ಒಂದೇ: ಬೇಡ. 2014ರ ಕರಡಿನಲ್ಲಿ ಕರ್ನಾಟಕದ ಮುಂದೆ ಇದ್ದ ಅಂಕಿ 20,668. 2024ರ ಕರಡಿನಲ್ಲಿರುವುದೂ 20,668.